ಮೇಲ್ಮನವಿ ಯಾರು ಬರೆಯಬೇಕು?

ತಿಪಟೂರು ಸೀಮೆಯ ತೋಟದ ಮನೆಗಳಲ್ಲಿ ಕೆಲಸಕ್ಕೆ ಬರವಿಲ್ಲ. ಬಿದ್ದ ಕಾಯಿ ಆರಿಸುವುದು, ಗರಿಯಿಂದ ಕಡ್ಡಿ ಕೀಸಿ ಪೊರಕೆ ಕಟ್ಟುವುದು, ಕೊಬ್ಬರಿ ಒಡೆದಾಗ ಚಿಪ್ಪು ಗುಡ್ಡೆ ಹಾಕುವುದು ಹೀಗೆ ಕೈಲಾಗದವರಿಗೂ ತೋಟ ಏನಾದರೊಂದು ಒದಗಿಸುತ್ತದೆ. ಹಾಗಾಗಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆಂದು ಬಂದ, ವರ್ಷಗಟ್ಟಲೆ ಸ್ಕಿಜೋಫ್ರೇನಿಯಾದಿಂದ ನರಳುತ್ತಿರುವವನನ್ನು ಡಾಕ್ಟರು ‘ಕೆಲಸ ಮಾಡ್ತೀಯೇನಪ್ಪ?’ ಎಂದು ಕೇಳಿದರೆ ‘ಮಾಡ್ತೀನಿ ಸಾರ್’ ಅನ್ನುತ್ತಾನೆ. ಅದು ಸುಳ್ಳೂ ಅಲ್ಲ. ಎರಡು ದಿನ ತೋಟಕ್ಕಿಳಿದವನು ಆಮೇಲೆ ವಾರವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದನೇ ಎಂದು ಯಾರೂ ಕೇಳಲಿಲ್ಲ, ಅಷ್ಟೆ. ಸಾಲದ್ದಕ್ಕೆ, ಜಿಲ್ಲಾಸ್ಪತ್ರೆಗೆ ಹೋಗುವುದೆಂದು ಅವತ್ತು ಬೆಳಿಗ್ಗೆ ತಾಯಿ ಮಗನಿಗೆ ಗಡ್ಡ ಹೆರೆಸಿ, ಒಗೆದ ಅಂಗಿ ತೊಡಿಸಿ ಕರೆತಂದಿರುತ್ತಾಳೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಅಂಗವೈಕಲ್ಯವೆಂದು ಒಪ್ಪಿದೆ. ಅದನ್ನು ಅಳೆಯುವ ಮಾಪನಕ್ಕೆ ‘ಐಡಿಯಾಸ್’ ಎಂದು ಹೆಸರು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕಕ್ಕೆ ತಲಾ 0ಯಿಂದ 4 ಅಂಕ. ಕಾಯಿಲೆ ಎಷ್ಟು ಹಳೆಯದು ಎಂಬುದಕ್ಕೆ 1ರಿಂದ 4. ಒಟ್ಟು 20ರಲ್ಲಿ 7 ಬಂದರೆ ಶೇ 40 ಎಂದು ಲೆಕ್ಕ. ಅಲ್ಲಿಂದಾಚೆಗೇ ಪಿಂಚಣಿಯ ಮಾತು.

ಈ ಮಾಪನ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೋಡಿಕೊಳ್ಳುವವರನ್ನೂ ವಿಚಾರಿಸಿ ಅಂಕ ಕೊಡಬೇಕೆಂಬುದು ಅದರಲ್ಲೇ ಇದೆ. ತೊಡಕಿರುವುದು ಸಾಕ್ಷಿಯಲ್ಲಿ. ಹತ್ತು ವರ್ಷ ಮೀರಿದ ಕಾಯಿಲೆಗೆ 4 ಅಂಕ, ಎರಡು ವರ್ಷದೊಳಗಿನದಕ್ಕೆ 1. ನಮ್ಮಲ್ಲಿ ಮೊದಲ ಎಷ್ಟೋ ವರ್ಷ ದೇವಸ್ಥಾನ, ಯಂತ್ರ, ತಾಯತದಲ್ಲಿ ಕಳೆದುಹೋಗುತ್ತವೆ, ಅವಕ್ಕೆ ಆಸ್ಪತ್ರೆಯ ಚೀಟಿ ಇರುವುದಿಲ್ಲ. ಚೀಟಿ ಇರುವಷ್ಟೇ ಕಾಯಿಲೆ ಎಂದು ಎಣಿಸಿದರೆ, ಉಳಿದ ನಾಲ್ಕರಲ್ಲಿ ಒಟ್ಟು 3 ಅಂಕ ಪಡೆದವನಿಗೆ 7 ಬರಬೇಕಾದಲ್ಲಿ 4 ಬರುತ್ತದೆ. ಅರ್ಜಿ ಅಲ್ಲಿಗೆ ಬಿತ್ತು.

ಬಿದ್ದ ಅರ್ಜಿಯನ್ನು ಎತ್ತಲು ದಾರಿಯಿದೆ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಶೇಕಡಾವಾರಿನ ತಕರಾರಿಗೆ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಯ ಹಕ್ಕು ಕೊಟ್ಟಿದೆ. ಶೇಕಡಾವಾರು ಸರಿಯಿದ್ದು ತಹಶೀಲ್ದಾರರ ಕಚೇರಿಯಲ್ಲಿ ಪಿಂಚಣಿ ನಿಂತಿದ್ದರೆ ಅದು ಬೇರೆಯದೇ ಜಗಳ, ಅದಕ್ಕೆ ಸಕಾಲ ಕಾಯ್ದೆಯ ಮೇಲ್ಮನವಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರಿಗೆ ತಹಶೀಲ್ದಾರರ ಮೇಲಿನ ಮೆಟ್ಟಿಲು ತಿಪಟೂರಿನ ಉಪವಿಭಾಗಾಧಿಕಾರಿ. ಎರಡೂ ದಾರಿಗೆ ಕಾಗದ ಜೋಪಾನ ಮಾಡಬೇಕು, ದಿನಾಂಕ ನೆನಪಿಡಬೇಕು, ಅಪರಿಚಿತ ಅಧಿಕಾರಿಯೆದುರು ತನ್ನ ಕಷ್ಟವನ್ನು ಸರಣಿಯಾಗಿ ಹೇಳಬೇಕು. ಮೇಲಿನ ನಾಲ್ಕು ಬಾಬ್ತುಗಳನ್ನು ಇನ್ನೊಮ್ಮೆ ಓದಿ. ಯಾವ ಶಕ್ತಿ ಕುಂದಿದೆಯೆಂದು ಅರ್ಜಿ ಹಾಕಿದ್ದನೋ ಅದೇ ಶಕ್ತಿಯನ್ನು ಮೇಲ್ಮನವಿ ಅವನಿಂದ ಕೇಳುತ್ತದೆ. ಅಚ್ಚುಕಟ್ಟಾಗಿ ವಾದಿಸಿ ಗೆಲ್ಲಬಲ್ಲವನಿಗೆ ‘ನೀನು ಚೆನ್ನಾಗೇ ಇದ್ದೀಯಲ್ಲ’ ಎನ್ನಿಸಿಕೊಳ್ಳುವ ಅಪಾಯ ಬೇರೆ.

ಪಿಂಚಣಿ ಸುಲಭವಾದರೆ ಜನ ಮಾತ್ರೆ ಬಿಟ್ಟು ಕಾಯಿಲೆಯನ್ನೇ ನೆಚ್ಚಿಕೊಳ್ಳುತ್ತಾರೆ ಎಂಬ ಆಕ್ಷೇಪವಿದೆ. ಶೇ 40ರಿಂದ 74ರವರಿಗೆ ತಿಂಗಳಿಗೆ 800 ರೂಪಾಯಿ. ಅದಕ್ಕಾಗಿ ಹುಚ್ಚನೆನಿಸಿಕೊಳ್ಳಲು ಯಾರೂ ಸಾಲು ನಿಲ್ಲುವುದಿಲ್ಲ. ಮದುವೆಗೆ ಬಂದ ತಂಗಿಯಿರುವ ಮನೆಯವರಂತೂ ಅರ್ಜಿಯನ್ನೇ ಹಾಕುವುದಿಲ್ಲ. ಆದರೂ ಆ ಆಕ್ಷೇಪದಲ್ಲಿ ಒಂದು ಎಳೆ ನಿಜವಿದೆ. ನಿಮ್ಹಾನ್ಸ್ ತಂಡ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸಿದೆ. ಔಷಧ ಪಡೆದವರಲ್ಲಿ ವೈಕಲ್ಯ ತಗ್ಗುವುದನ್ನು ತೀರ್ಥಹಳ್ಳಿಯ ಅಧ್ಯಯನ ಇದೇ ಐಡಿಯಾಸ್ ಮಾಪನದಿಂದ ತೋರಿಸಿತು. ಅಂದರೆ ನೇಮವಾಗಿ ಮಾತ್ರೆ ನುಂಗಿದವನ ಅಂಕ ಇಳಿಯುತ್ತದೆ, ಪ್ರಮಾಣಪತ್ರ ನವೀಕರಿಸುವಾಗ ಅವನೇ ಹೊರಬೀಳಬಹುದು. ಮಾತ್ರೆ ತರಲು ಬಸ್ ಚಾರ್ಜು ಒದಗಿಸುತ್ತಿದ್ದ ದುಡ್ಡು ಮಾತ್ರೆ ಫಲಿಸಿತೆಂಬ ಕಾರಣಕ್ಕೇ ನಿಂತುಹೋದರೆ, ಮುಂದಿನ ತಿಂಗಳು ಅವನು ಏನು ಮಾಡಬೇಕು? ಔಷಧದ ಬಲದಿಂದ ನೆಟ್ಟಗಿರುವವನನ್ನು ಔಷಧವೇ ಬೇಡದವನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದ್ದರಿಂದ ಮರುಪರಿಶೀಲನೆಯ ಹೊರೆಯನ್ನು ರೋಗಿಯಿಂದ ಇಳಿಸಿ ವ್ಯವಸ್ಥೆಯ ಹೆಗಲಿಗೆ ಹಾಕಬೇಕು ಎನ್ನುತ್ತೇನೆ. ಅದಕ್ಕೆ ಹೊಸ ಇಲಾಖೆ ಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಪುಡಿಗಾಸಿನ ಗೌರವಧನದಲ್ಲಿ ದುಡಿಯುವ ಇವರ ತಲೆಗೆ ಇನ್ನೊಂದು ಕೆಲಸ ಕಟ್ಟುವಾಗ ಸಂಬಳದ ಮಾತನ್ನೂ ಆಡಬೇಕು, ಅದಿರಲಿ. ಅರ್ಜಿ ತಿರಸ್ಕಾರವಾದ ಮಾಹಿತಿ ನೇರವಾಗಿ ಇವರಿಗೆ ತಲುಪಲಿ. ಇವರು ಮನೆಗೇ ಹೋಗಿ, ಕಳೆದ ಆರು ತಿಂಗಳಲ್ಲಿ ಅವನು ಎಷ್ಟು ದಿನ ಸ್ನಾನ ಮಾಡಿದ, ಎಷ್ಟು ದಿನ ತೋಟಕ್ಕಿಳಿದ, ಯಾರ ಜೊತೆ ಮಾತು ಬಿಟ್ಟ ಎಂದು ಮನೆಯವರಿಂದಲೂ ನೆರೆಯವರಿಂದಲೂ ಕೇಳಿ ಬರೆಯಲಿ. ಚೀಟಿ ಇಲ್ಲದ ವರ್ಷಗಳಿಗೆ ಊರಿನ ಆಶಾ ಕಾರ್ಯಕರ್ತೆಯ ಹೇಳಿಕೆ ಸಾಕ್ಷಿಯಾಗಲಿ. ಆ ವರದಿಯೇ ಮೇಲ್ಮನವಿಯಾಗಬೇಕು. ಮತ್ತೆ ಶೇ 40ಕ್ಕಿಂತ ಕಡಿಮೆ ಎಂದು ಬರೆಯುವ ವೈದ್ಯರು, ಆ ವರದಿಯ ಯಾವ ಮಾತನ್ನು ಏಕೆ ಒಪ್ಪಲಿಲ್ಲ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ.