ಗಾಡಿಯೇ ಮನೆ: ಉಳ್ಳವನಿಗೊಂದು ನ್ಯಾಯ, ಇಲ್ಲದವನಿಗೊಂದು ನ್ಯಾಯ

ಬಾಡಿಗೆಯ ಕಾಟ ತಾಳಲಾರದವರು ಮನೆಯನ್ನೇ ಬಿಟ್ಟು ವ್ಯಾನಿನಲ್ಲಿ ಸಂಸಾರ ಹೂಡಿದರಾಯಿತೆಂಬ ಹೊಸ ಉಪದೇಶವೊಂದು ಈಗ ಹೊರಟಿದೆ. ಒಂದು ಗಾಡಿ, ಒಂದು ಹಾಸಿಗೆ, ಒಂದು ಒಲೆ. ಬಾಡಿಗೆಯಿಲ್ಲ, ಕಂದಾಯವಿಲ್ಲ, ಬೆಳಗಾದರೆ ಹೊಸ ಊರು! ಕೇಳಲು ಇಂಪಾಗಿದೆ. ಆದರೆ ಈ ಮಹನೀಯರು ಯಾವುದನ್ನು ಹೊಸ ಜೀವನವೆಂದು ಸಾರುತ್ತಿರುವರೋ ಅದು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಳೆಯ ಬಾಳು. ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆ, ನಾಗಮಂಗಲದ ಚುಂಚನಗಿರಿ ಜಾತ್ರೆ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ, ಶ್ರೀರಂಗಪಟ್ಟಣದ ದಸರಾ, ಇವುಗಳಿಗೆ ಬಳೆ, ಬತ್ತಾಸು, ಆಟಿಕೆ ತುಂಬಿಕೊಂಡು ಬರುವ ಚಿಲ್ಲರೆ ವ್ಯಾಪಾರಿಯನ್ನು ನೋಡಿ. ಹಗಲು ಅಂಗಡಿಯಾದ ಟೆಂಪೋ ರಾತ್ರಿ ಅವನ ಮನೆ. ಸರಕಿನ ಮೂಟೆಗಳ ಮೇಲೆ ಮಕ್ಕಳು, ಚಕ್ರಗಳ ನಡುವೆ ತಂದೆ. ಅವನನ್ನು ಸ್ವತಂತ್ರ ಜೀವಿಯೆಂದು ಹೊಗಳಿದವರನ್ನು ನಾವು ಕಂಡಿಲ್ಲ.

ಕೇರಳ ಸರ್ಕಾರವು 2021ರಲ್ಲಿ ಕಾರವಾನ್ ಪ್ರವಾಸದ ನೀತಿಯೊಂದನ್ನು ಘೋಷಿಸಿತು. ಹಾಸಿಗೆ, ಅಡಿಗೆಮನೆ, ಶೌಚಾಲಯಗಳುಳ್ಳ ಗಾಡಿ ಕೊಳ್ಳುವ ಉದ್ಯಮಿಗೆ ಸಹಾಯಧನ; ಆ ಗಾಡಿ ತಂಗುವುದಕ್ಕೆ ನೀರು, ವಿದ್ಯುತ್ತುಗಳ ವ್ಯವಸ್ಥೆಯಿರುವ ತಂಗುದಾಣ. ಪ್ರವಾಸಿಗನಿಗೆ ಅನುಕೂಲವಾದರೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ನಾವು ಕೇಳುವ ಪ್ರಶ್ನೆ ಒಂದೇ. ಊರಿನಲ್ಲಿ ಬಂಗಲೆಯಿದ್ದೂ ಮೋಜಿಗಾಗಿ ಗಾಡಿಯಲ್ಲಿ ಮಲಗುವವನಿಗೆ ಸ್ವಾಗತ, ಬೇರೆ ಸೂರಿಲ್ಲದೆ ಗಾಡಿಯಲ್ಲಿ ಮಲಗುವವನಿಗೆ ನಡುರಾತ್ರಿ ಲಾಠಿಯ ತಟ್ಟು, ಇದು ಯಾವ ಧರ್ಮ?

ಈ ಅನ್ಯಾಯಕ್ಕೆ ಶ್ರೀರಂಗಪಟ್ಟಣದ ನೆಲವೇ ಸಾಕ್ಷಿ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಕೋಟೆಯ ಹತ್ತಿರದವರೆಗೆ ಬಂದು, ಅರಕೆರೆಯಲ್ಲಿ ಗೆದ್ದೂ, ದವಸವಿಲ್ಲದೆ, ದನಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1792ರ ಫೆಬ್ರವರಿಯಲ್ಲಿ ಅವನು ಮತ್ತೆ ಬಂದು ನಿಂತಾಗ ಅವನ ದಂಡಿಗೆ ಅನ್ನ ಒದಗಿಸಿದ್ದು ಬಿಂಜಾರಿಗಳ, ಅಂದರೆ ಲಂಬಾಣಿಗಳ, ಎತ್ತಿನ ಹಿಂಡುಗಳು. ಸಾಮ್ರಾಜ್ಯ ಕಟ್ಟುವಾಗ ಅಲೆಮಾರಿ ಬೇಕಾಗಿದ್ದನು. ರೈಲು ಬಂದು, ಎತ್ತಿನ ಮೇಲೆ ಉಪ್ಪು ದವಸ ಹೇರುತ್ತಿದ್ದ ಕೊರಚರ, ಲಂಬಾಣಿಗಳ ಕಸುಬು ಕೆಟ್ಟಿತು. ಅದೇ ಬ್ರಿಟಿಷರು 1871ರಲ್ಲಿ ಕಾಯಿದೆ ಮಾಡಿ, ಆಮೇಲೆ ಅದನ್ನು ದೇಶದ ಇತರ ಭಾಗಗಳಿಗೂ ಹಬ್ಬಿಸಿ, ಅಲೆಯುವ ಹಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟರು. 1952ರಲ್ಲಿ ಸ್ವತಂತ್ರ ಭಾರತ ಆ ಕಾಯಿದೆಯನ್ನು ರದ್ದುಮಾಡಿತು. ಕಾಯಿದೆ ಹೋಯಿತು, ನೆಲೆಯಿಲ್ಲದವನು ಕಳ್ಳನೆಂಬ ಬುದ್ಧಿ ಹೋಗಲಿಲ್ಲ.

ಮಿಲ್ಲಿನ ಸೋದರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈ ಸೇರಿದ್ದನ್ನು ನೀವೇ ಕಂಡಿದ್ದೀರಿ. ಗಿರಣಿ ನಿಂತರೆ ಸಂಬಳ ನಿಂತಿತು, ಸಂಬಳ ನಿಂತರೆ ಬಾಡಿಗೆ ನಿಂತಿತು. ಅಷ್ಟು ಸಿರಿವಂತ ಅಮೆರಿಕದಲ್ಲಿಯೇ 2008ರ ಕುಸಿತದ ನಂತರ ಮನೆ ಕಳೆದುಕೊಂಡ ಮುದುಕರು ವ್ಯಾನುಗಳಲ್ಲಿ ವಾಸಿಸುತ್ತ, ಗೋದಾಮುಗಳಲ್ಲಿ ಮೂಟೆ ಹೊರುತ್ತ, ಸಕ್ಕರೆ ಬೀಟಿನ ಕೊಯಿಲಿಗೆ ಕೂಲಿ ಹೋಗುತ್ತ ಅಲೆದರು.

ಆದುದರಿಂದ, ಬೇರೆ ದಾರಿಯಿಲ್ಲದೆ ಈ ಬಾಳಿಗೆ ಇಳಿಯುವವರು ಕಣ್ಣು ತೆರೆದು ಇಳಿಯಲಿ. ವ್ಯಾನು ಗ್ಯಾರೇಜಿಗೆ ಹೋದರೆ ಮನೆಯೇ ಗ್ಯಾರೇಜಿಗೆ ಹೋಯಿತು. ಸಾಲದ ಕಂತು ತಪ್ಪಿ ಲೇವಾದೇವಿ ಕಂಪನಿಯವರು ಗಾಡಿ ಎಳೆದೊಯ್ದರೆ ಅಂಗಡಿ, ಮನೆ, ಪಾತ್ರೆ ಎಲ್ಲವೂ ಒಂದೇ ಏಟಿಗೆ ಹೋದಂತೆ. ಸಾಲದ ಗಾಡಿಯಲ್ಲಿ ಸಂಸಾರ ಹೂಡಬೇಡಿ. ಎರಡು ಮೂರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಮನೆಯ ಮುಂಗಡ ಬಿಡಿಸಬೇಡಿ. ಸರಕು ಸಾಗಣೆಯ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌.ಸಿ. ಆಗಬೇಕು, ಆ ಹಣವನ್ನು ಬಾಡಿಗೆಯಂತೆಯೇ ತಿಂಗಳು ತಿಂಗಳು ತೆಗೆದಿಡಿ. ಆರ್‌.ಟಿ.ಓ. ಅನುಮತಿಯಿಲ್ಲದೆ ಬಾಡಿ ಕತ್ತರಿಸಿ ಕಿಟಕಿ ಮಂಚ ಜೋಡಿಸಿದರೆ ದಂಡ ತಪ್ಪದು. ಚಳಿಯೆಂದು ಬಾಗಿಲು ಮುಚ್ಚಿ ಒಳಗೆ ಇದ್ದಿಲ ಒಲೆ ಇಟ್ಟು ಮಲಗಿದರೆ ವಿಷದ ಹೊಗೆಗೆ ಇಡೀ ಸಂಸಾರ ಬಲಿಯಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಹಕ್ಕಿನ ಕಾಗದ. ವಿಳಾಸವಿಲ್ಲದವನಿಗೆ ಏನೂ ಇಲ್ಲವೆಂದು ಗುಮಾಸ್ತರು ಗದರಿಸಿದರೆ ಹೆದರಬೇಡಿ. ಪಡಿತರ ಚೀಟಿಯಿದ್ದರೆ ಹೆಬ್ಬೆಟ್ಟು ಒತ್ತಿ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. 2020ರ ಜನವರಿಯಿಂದ ಹೊರರಾಜ್ಯಕ್ಕೂ ಕರ್ನಾಟಕ ಈ ಏರ್ಪಾಡಿಗೆ ಸೇರಿದೆ. ಮನೆಯಿಲ್ಲದವನಿಗೂ ಮತವುಂಟು: ಅರ್ಜಿಯಲ್ಲಿ ಮಲಗುವ ಜಾಗ ಬರೆದರೆ, ಮತಗಟ್ಟೆ ಅಧಿಕಾರಿಯೇ ರಾತ್ರಿ ಬಂದು ನೋಡಿ ಹೆಸರು ಸೇರಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯಿದೆ. ಇನ್ನು ಮಕ್ಕಳ ಓದು. ಬೋಧನೆ ಮಾಡಿದ ನಮಗೆ ಇದು ಚೆನ್ನಾಗಿ ಗೊತ್ತು: ಅಲೆಯುವವರ ಮಗು ಶಾಲೆ ಬಿಡುವುದು ದಡ್ಡತನದಿಂದಲ್ಲ, ಟಿ.ಸಿ.ಗಾಗಿ ಅಲೆದಾಡಿಸುವುದರಿಂದ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಬಾಗಿಲಿನಿಂದ ಕಳಿಸುವಂತಿಲ್ಲ.

ಕಾಯಿದೆಗಳಿವೆ, ನಿಲ್ಲಲು ಜಾಗವಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಸಂಚಾರಿ ವ್ಯಾಪಾರಿಯನ್ನೂ ಒಪ್ಪಿಕೊಂಡಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಕೂರಬೇಕೆಂದು ವಿಧಿಸಿದೆ. ಚಿಲ್ಲರೆ ವ್ಯಾಪಾರಿ ಮಿತ್ರರೇ, ಆ ಕುರ್ಚಿಗಳನ್ನು ಖಾಲಿ ಬಿಡಬೇಡಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಊರುಗಳಲ್ಲಿ ಗಾಡಿ ನಿಲ್ಲಲು ಒಂದೊಂದು ಮೈದಾನ, ಒಂದು ನಲ್ಲಿ, ಹೆಂಗಸರಿಗೆ ಬಾಗಿಲಿರುವ ಶೌಚಾಲಯ, ಒಂದು ದೀಪ, ರಸೀತಿಯುಳ್ಳ ಸಣ್ಣ ಶುಲ್ಕ, ಇಷ್ಟನ್ನು ಕೇಳಿ. ಇದು ಭಿಕ್ಷೆಯಲ್ಲ. ಜಾತ್ರೆಯಲ್ಲಿ ನೆಲಬಾಡಿಗೆ ತೆತ್ತು ಊರಿಗೆ ಆದಾಯ ತಂದವನು ಆ ಊರಿನಲ್ಲಿ ಒಂದು ರಾತ್ರಿ ನಿರ್ಭಯವಾಗಿ ನಿದ್ರಿಸುವ ಹಕ್ಕು.

ಗಾಡಿಗೆ ಚಕ್ರವಿದೆಯೆಂದ ಮಾತ್ರಕ್ಕೆ ಅದರೊಳಗಿನ ಮನುಷ್ಯನನ್ನು ಉರುಳಿಸಿಕೊಂಡೇ ಹೋಗಬಹುದೆಂದು ಯಾವ ಅಧಿಕಾರಿಯೂ ತಿಳಿಯದಿರಲಿ.