ಹೊಸ ಕೆಲಸಕ್ಕೆ ಪಳಗಿದ ಕೈ ಏಕೆ ಮುನಿಯುತ್ತದೆ?

ಕಚೇರಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಹೊಸ ಕ್ರಮವೊಂದು ಜಾರಿಗೆ ಬಂದು, ಅನುಭವಸ್ಥ ಕೆಲಸಗಾರರು ಅದಕ್ಕೆ ಮುಖ ಸಿಂಡರಿಸಿದರೆ, 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?' ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಗಾದೆಯೇನೋ ಸೊಗಸಾಗಿದೆ; ಆದರೆ ಇಲ್ಲಿ ಅದು ಸಲ್ಲುವುದೆಂದು ನನಗೆ ತೋರುವುದಿಲ್ಲ. ಸಿಟ್ಟಾದವನನ್ನು ಹಟಮಾರಿಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆ ಸಿಟ್ಟು ಎಲ್ಲಿಂದ ಹುಟ್ಟಿತೆಂದು ವಿಚಾರಿಸುವುದು ಕಷ್ಟ. ಹಾಗೆ ವಿಚಾರಿಸಿ ನೋಡಿದ ಪ್ರಯೋಗವೊಂದನ್ನು ವಾಚಕರ ಮುಂದಿಡುತ್ತೇನೆ.

ಅಮೆರಿಕದ ವರ್ಜೀನಿಯ ರಾಜ್ಯದ ಮೇರಿಯನ್ ಎಂಬ ಊರಿನಲ್ಲಿ ಹಾರ್ವುಡ್ ಸಂಸ್ಥೆಯ ಪೈಜಾಮ ಕಾರ್ಖಾನೆಯಿತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು; ಕೆಲಸಗಾರರ ಸರಾಸರಿ ವಯಸ್ಸು 23. ಬಗ್ಗದಷ್ಟು ಬೆಳೆದ ಮರಗಳು ಇವಲ್ಲವೆಂಬುದನ್ನು ಗಮನಿಸಬೇಕು. ಕೂಲಿಯು ಮಾಡಿದ ಕೆಲಸದ ಎಣಿಕೆಗೆ ತಕ್ಕಂತೆ ದೊರೆಯುತ್ತಿತ್ತು. ಒಂದು ನಿಮಿಷದಲ್ಲಿ ಆಗಬೇಕಾದ ಕೆಲಸಕ್ಕೆ ಒಂದು ಅಂಕ. ಗಂಟೆಗೆ 60 ಅಂಕ ಗಳಿಸಿದವರು ನುರಿತವರು. ಯಾರು ಎಷ್ಟು ಗಳಿಸಿದರೆಂಬ ಪಟ್ಟಿ ಪ್ರತಿದಿನವೂ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ಆಡಳಿತದವರಿಗೆ ಒಂದು ವಿಷಯ ಬಿಡಿಸಲಾರದ ಒಗಟಾಗಿತ್ತು. ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಾಯಿಸಲ್ಪಟ್ಟ ನುರಿತವರಲ್ಲಿ ಮರಳಿ 60 ಅಂಕ ಮುಟ್ಟುತ್ತಿದ್ದವರು ನೂರಕ್ಕೆ 38 ಮಂದಿ ಮಾತ್ರ. ಮಿಕ್ಕವರು ಹಿಂದೆಯೇ ಉಳಿಯುತ್ತಿದ್ದರು, ಇಲ್ಲವೆ ಕೆಲಸ ಬಿಡುತ್ತಿದ್ದರು. ಮುಟ್ಟಿದವರಿಗಾದರೂ ಹೊಚ್ಚ ಹೊಸಬರಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು! ಬದಲಾದವರಿಗೆ ನಷ್ಟವಾಗದಿರಲೆಂದು ವಿಶೇಷ ಭತ್ಯೆ ಕೊಡುತ್ತಿದ್ದರೂ ಫಲವಿರಲಿಲ್ಲ. ಕಾರಣವು ಕೈಯಲ್ಲಿಯೂ ಇಲ್ಲ, ಕಾಸಿನಲ್ಲಿಯೂ ಇಲ್ಲ, ಮನಸ್ಸಿನಲ್ಲಿರಬೇಕೆಂದು ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಎಂಬಿಬ್ಬರು ಊಹಿಸಿ ಪ್ರಯೋಗಕ್ಕಿಳಿದರು. ಅವರ ವರದಿ 1948ರಲ್ಲಿ ಪ್ರಕಟವಾಯಿತು.

ಮೊದಲನೆಯ ಗುಂಪಿನಲ್ಲಿ 18 ಮಂದಿ ಇಸ್ತ್ರಿ ಮಾಡುವವರಿದ್ದರು. ಅರ್ಧ ಡಜನ್ ಉಡುಪುಗಳನ್ನು ರಟ್ಟಿನ ಹಾಳೆಯ ಮೇಲೆ ಜೋಡಿಸುವ ಬದಲು ಪೆಟ್ಟಿಗೆಯೊಳಗೇ ಜೋಡಿಸಬೇಕು, ಬದಲಾವಣೆ ಇಷ್ಟೆ. ವಾಡಿಕೆಯಂತೆ ಅವರನ್ನು ಕರೆದು, ಮಾರುಕಟ್ಟೆಯ ಪೈಪೋಟಿಯನ್ನೂ ಹೊಸ ದರವನ್ನೂ ವಿವರಿಸಿ ಕಳುಹಿಸಿದರು. ಗಳಿಕೆ 50ರ ಸುಮಾರಿಗೆ ಇಳಿದು ಅಲ್ಲಿಯೇ ನಿಂತಿತು. ಮೇಲ್ವಿಚಾರಕರೊಡನೆ ಜಗಳವಾಯಿತು, 40 ದಿನಗಳಲ್ಲಿ ನೂರಕ್ಕೆ 17ರಷ್ಟು ಮಂದಿ ಕೆಲಸ ಬಿಟ್ಟರು. ದರ ಅನ್ಯಾಯದ್ದೆಂದು ದೂರು ಹೋಯಿತು. ಪರೀಕ್ಷಿಸಿ ನೋಡಿದರೆ ದರವು ಕೆಲಸಗಾರರಿಗೇ ತುಸು ಅನುಕೂಲವಾಗಿತ್ತು!

ಎರಡನೆಯ ಗುಂಪಿನವರು ತಮ್ಮ ಪ್ರತಿನಿಧಿಗಳನ್ನು ಆರಿಸಿ ಹೊಸ ಕ್ರಮವನ್ನು ರೂಪಿಸಲು ಕಳುಹಿಸಿದರು. ಇನ್ನೆರಡು ಸಣ್ಣ ಗುಂಪುಗಳಲ್ಲಿ ಎಲ್ಲರೂ ಕುಳಿತು ಯೋಚಿಸಿದರು. ಸಲಹೆಗಳು ಬಂದ ರಭಸಕ್ಕೆ ಬರೆದುಕೊಳ್ಳುವವರ ಕೈ ಸೋತಿತಂತೆ. ಈ ಕೊನೆಯ ಎರಡು ಗುಂಪುಗಳು ಬೇಗನೆ ಚೇತರಿಸಿಕೊಂಡು, ಹಿಂದಿನದಕ್ಕಿಂತ ನೂರಕ್ಕೆ ಸುಮಾರು 14ರಷ್ಟು ಹೆಚ್ಚು ಗಳಿಸಿದವು. ಅವುಗಳಲ್ಲಿ ಯಾರೂ ಕೆಲಸ ಬಿಡಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವುದು ಮುಂದಿನ ಘಟನೆ. ಎರಡೂವರೆ ತಿಂಗಳ ತರುವಾಯ, ಮೊದಲನೆಯ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನು ಮತ್ತೆ ಒಟ್ಟುಗೂಡಿಸಿ ಇನ್ನೊಂದು ಹೊಸ ಕೆಲಸಕ್ಕೆ ಬದಲಾಯಿಸಿದರು; ಈ ಸಲ ಎಲ್ಲರನ್ನೂ ಕೂಡಿಸಿಕೊಂಡು ಚರ್ಚಿಸಿದ ಮೇಲೆ. ಹಿಂದೆ ಜಗಳವಾಡಿದ್ದ ಅವರೇ ಬೇಗ ಚೇತರಿಸಿಕೊಂಡು ಹಳೆಯ ಗಳಿಕೆಯನ್ನು ಮೀರಿದರು. ಸಿಟ್ಟು ಅವರ ಸ್ವಭಾವವಾಗಿದ್ದರೆ ಅದು ಎಲ್ಲಿಗೆ ಹೋಯಿತು?

ನುರಿತವನಿಗೆ 60 ಅಂಕವೆಂಬುದು ಬರಿಯ ಕೂಲಿಯ ಲೆಕ್ಕವಲ್ಲ, ನಾಲ್ಕು ಜನರ ನಡುವೆ ಅವನ ಸ್ಥಾನ. ಹೊಸ ಕೆಲಸ ಬಂದ ದಿನ ಆ ಸ್ಥಾನ ಎಲ್ಲರೆದುರಿಗೆ ಕುಸಿಯುತ್ತದೆ. ಹೊಸಬನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಆದುದರಿಂದಲೇ ಅವನು ಬೇಗ ಕಲಿಯುತ್ತಾನೆ. ಕನ್ನಡ ಮಾಧ್ಯಮದಲ್ಲಿ ಮೊದಲಿಗರಾಗಿದ್ದು, ಕಾಲೇಜಿನಲ್ಲಿ ಇಂಗ್ಲಿಷಿನ ಪಾಠ ಕೇಳುತ್ತ ಮೊದಲ ತಿಂಗಳು ಹಿಂದಿನ ಬೆಂಚಿಗೆ ಸರಿದ ವಿದ್ಯಾರ್ಥಿಗಳಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಇಂತಹ ಅವಮಾನವನ್ನು ಬಾಯಿಬಿಟ್ಟು ಹೇಳಲು ಸಂಕೋಚವಾಗುತ್ತದೆ. ದರ ಸರಿಯಿಲ್ಲವೆಂದು ಹೇಳಲು ಸಂಕೋಚವಿಲ್ಲ. ಆ ದೂರು ಲೆಕ್ಕದಲ್ಲಿ ತಪ್ಪಾಗಿದ್ದರೂ ಸುಳ್ಳಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಸಭೆ ಕರೆದರೆ ಸಾಕು, ಎಲ್ಲವೂ ಸರಿಹೋಗುತ್ತದೆಂದು ತಿಳಿಯಬಾರದು. ಮೇರಿಯನ್ನಿನ ಗುಂಪುಗಳು ತೀರ ಚಿಕ್ಕವು. ಕೊನೆಯ ಎರಡರಲ್ಲಿ ಇದ್ದವರು 8 ಮತ್ತು 7 ಮಂದಿ. ನಾರ್ವೆಯ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ಇಂತಹುದೇ ಪ್ರಯೋಗ ನಡೆದು 1960ರಲ್ಲಿ ವರದಿ ಹೊರಬಂದಾಗ, ಉತ್ಪಾದನೆಯಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಕೆಲಸಗಾರರು ತಮಗೆ ಸಲ್ಲತಕ್ಕದ್ದೆಂದು ಭಾವಿಸುವ ವಿಷಯದಲ್ಲಿ ಅವರ ಮಾತು ಕೇಳಿದರೆ ಮಾತ್ರ ಅದಕ್ಕೆ ಬೆಲೆಯೆಂದು ಆ ಸಂಶೋಧಕರು ವಿವರಿಸಿದರು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮೇರಿಯನ್ನಿನ ಕಾರ್ಖಾನೆಯಲ್ಲಿಯೂ ವೆಚ್ಚ ತಗ್ಗಿಸಬೇಕೆಂಬ ಯೋಚನೆ ಹೊರಟದ್ದು ಮೇಲಿನಿಂದಲೇ. ತಗ್ಗಿಸುವುದು ಹೇಗೆಂಬುದರಲ್ಲಿ ಕೆಲಸಗಾರರ ಬುದ್ಧಿಗೆ ಎಡೆ ದೊರೆಯಿತು. ಅಷ್ಟು ಸಣ್ಣ ಎಡೆಯೇ ಅಷ್ಟು ದೊಡ್ಡ ಸಿಟ್ಟನ್ನು ತಣಿಸಿತೆಂಬುದನ್ನು ನೆನೆದಾಗ ನನಗೆ ಸಂತೋಷದೊಡನೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ.