ದರಪಟ್ಟಿ ಸ್ಮೃತಿಯಲ್ಲಿರಲಿ, ದಾಸ್ತಾನು ಡೇಟಾಬೇಸ್‌ನಲ್ಲಿರಲಿ

ಜಾಲತಾಣದ ಮೂಲಕ ಬೇಡಿಕೆ ಪಡೆಯುವ ವರ್ತಕರು ಹಾಗೂ ಸಣ್ಣ ಉತ್ಪಾದಕರಲ್ಲಿ ‘ತಾಣ ನಿಧಾನ’ ಎಂಬ ದೂರು ಸಾಮಾನ್ಯ. ಅದಕ್ಕೆ ಸೂಚಿಸಲಾಗುವ ಪರಿಹಾರವೂ ಸಾಮಾನ್ಯ: ದೊಡ್ಡ ಸರ್ವರ್. ಆದರೆ ಅನೇಕ ವೇಳೆ ದೋಷವಿರುವುದು ಯಂತ್ರದ ಶಕ್ತಿಯಲ್ಲಲ್ಲ, ಒಂದೇ ಮಾಹಿತಿಯನ್ನು ಸಾವಿರ ಬಾರಿ ಹುಡುಕುವ ಕ್ರಮದಲ್ಲಿ.

ವೆಬ್ ಸರ್ವರ್‌ನಲ್ಲಿ ಹಲವು ಪ್ರಕ್ರಿಯೆಗಳು ಏಕಕಾಲಕ್ಕೆ ನಡೆಯುತ್ತವೆ. ಗ್ರಾಹಕರು ಪುಟ ತೆರೆದಾಗಲೆಲ್ಲ ಅವು ಸರಕಿನ ಎಚ್‌ಎಸ್‌ಎನ್ ಸಂಖ್ಯೆ, ತೆರಿಗೆ ದರ, ಪಿನ್‌ಕೋಡ್‌ವಾರು ಸಾಗಣೆ ವೆಚ್ಚಗಳನ್ನು ಡೇಟಾಬೇಸ್‌ನಿಂದ ಮತ್ತೆ ಮತ್ತೆ ತರುತ್ತವೆ. ಪ್ರತಿ ಗುಮಾಸ್ತನೂ ದರ ಕೇಳಲು ಗೋದಾಮಿಗೆ ಹೋಗಿಬರುವಂತಹ ವ್ಯವಸ್ಥೆಯಿದು. ಈ ಪಟ್ಟಿಗಳನ್ನು ಎಲ್ಲ ಪ್ರಕ್ರಿಯೆಗಳೂ ಓದಬಲ್ಲ ಹಂಚಿಕೆಯ ಸ್ಮೃತಿಯಲ್ಲಿ ಇರಿಸಿದರೆ, ಗಲ್ಲಾಪೆಟ್ಟಿಗೆಯ ಬಳಿ ದರಫಲಕ ತೂಗುಹಾಕಿದಂತಾಗುತ್ತದೆ. ಪಿಎಚ್‌ಪಿ ತಾಣಗಳಿಗೆ ಇದನ್ನು ಒದಗಿಸುವ ಎಪಿಸಿಯು ಉಚಿತ. ಅದು ಮೊದಲಿಗೆ ಕಾಯ್ದಿರಿಸುವ 32 ಮೆಗಾಬೈಟ್ ಸ್ಥಳವು ಕೆಲವು ಸಾವಿರ ಸರಕುಗಳ ಸರಳ ಪಟ್ಟಿಗೆ ಸಾಕಾಗುತ್ತದೆ.

ಆದರೆ ಫಲಕದ ದರ ಹಳೆಯದಾದರೆ ವೇಗವೇ ಹಾನಿಗೆ ಕಾರಣವಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇ. 5 ಅಥವಾ ಶೇ. 18ಕ್ಕೆ ಸರಿದವು. ಅಂತಹ ದಿನ ಡೇಟಾಬೇಸನ್ನು ತಿದ್ದಿ ಸ್ಮೃತಿಯನ್ನು ಮರೆತರೆ, ಹೊರಬೀಳುವ ಪ್ರತಿ ಬಿಲ್ಲೂ ತಪ್ಪಾಗುತ್ತದೆ. ಒಂದೊಂದಕ್ಕೂ ಕ್ರೆಡಿಟ್ ನೋಟ್ ಬರೆಯುವ ಶ್ರಮ ವರ್ತಕರದೇ. ಎರಡು ಸರ್ವರ್‌ಗಳಿದ್ದಲ್ಲಿ ಒಂದನ್ನು ಮಾತ್ರ ತಿದ್ದಿದರೆ, ಒಂದೇ ಸರಕಿಗೆ ಎರಡು ಬೆಲೆಗಳು ಕಾಣಿಸಿಕೊಳ್ಳುತ್ತವೆ.

ಆದ್ದರಿಂದ ವಿಂಗಡಣೆ ಅಗತ್ಯ. ಅಪರೂಪಕ್ಕೆ ಬದಲಾಗುವ ಪಟ್ಟಿಗಳು ಸ್ಮೃತಿಗೆ ಯೋಗ್ಯ. ಕ್ಷಣಕ್ಷಣಕ್ಕೂ ಬದಲಾಗುವ ದಾಸ್ತಾನು, ಗ್ರಾಹಕರ ಬಾಕಿ, ಪಾವತಿಯ ವಿವರಗಳು ಡೇಟಾಬೇಸ್‌ನಲ್ಲೇ ಉಳಿಯತಕ್ಕದ್ದು. ಸರ್ವರ್ ಸ್ಥಗಿತಗೊಂಡರೆ ಸ್ಮೃತಿಯಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ.

ಹೊಸ ಸರ್ವರ್‌ಗೆ ಹಣ ತೆರುವ ಮೊದಲು ಉದ್ಯಮಿಗಳು ತಂತ್ರಾಂಶ ಪೂರೈಕೆದಾರರಿಂದ ಮೂರು ಉತ್ತರಗಳನ್ನು ಲಿಖಿತವಾಗಿ ಪಡೆಯುವುದು ಒಳಿತು: ಯಾವ ಪಟ್ಟಿಗಳು ಸ್ಮೃತಿಯಲ್ಲಿವೆ? ದರ ಬದಲಾದಾಗ ಅವನ್ನು ಎಷ್ಟು ಹೊತ್ತಿನೊಳಗೆ, ಯಾರು ನವೀಕರಿಸುತ್ತಾರೆ? ಎಲ್ಲ ಸರ್ವರ್‌ಗಳಲ್ಲೂ ನವೀಕರಣವಾಗಿದೆಯೆಂದು ಖಚಿತಪಡಿಸುವ ಬಗೆ ಯಾವುದು? ಈ ಮೂರಕ್ಕೂ ಉತ್ತರವಿಲ್ಲದಿದ್ದರೆ, ತಪ್ಪು ದರವನ್ನು ಬೇಗ ತೋರಿಸುವ ತಾಣಕ್ಕಿಂತ ಸರಿಯಾದ ದರವನ್ನು ತಡವಾಗಿ ತೋರಿಸುವ ತಾಣವೇ ಮೇಲು.